ಮುತ್ತೈದೆ ಅಜ್ಜಿಯ ಮರಣದ ನಕಲು

ನಮ್ಮ ಭಾವನಿಗೆ ರಿಟೈರಾದ ಮೇಲೆ ಇದ್ದಕ್ಕಿದ್ದಂತೆ ಪೂರ್ವಜರ ಮೇಲೆ ಪ್ರೀತಿ ಉಕ್ಕಿತು. ಬದುಕಿರುವವರನ್ನು ಕಂಡರೆ ಮುಖ ಗಂಟು ಹಾಕಿಕೊಳ್ಳುವವರಿಗೆ ಸತ್ತವರು ಚೆನ್ನಾಗಿ ಒಗ್ಗುತ್ತಾರೆ. ಅವರು ಎದುರು ಮಾತಾಡುವುದಿಲ್ಲ, ಎರಡನೆಯ ಸಲ ಕಾಫಿ ಕೇಳುವುದಿಲ್ಲ, ಮೂಲೆಯಲ್ಲಿ ಕೂತು ಅಕ್ಕಿ ಆರಿಸುತ್ತಾ ಕಣ್ಣಿಗೆ ಬೀಳುವುದೂ ಇಲ್ಲ. ಆ ಕೊನೆಯ ಕೆಲಸ ನನ್ನದು.

ಭಾವ ಅಂದರೆ ಚಕ್ರಪಾಣಿ, ನನ್ನ ಯಜಮಾನರ ಅಣ್ಣ. ಯಜಮಾನರು ತೀರಿಕೊಂಡ ಮೇಲೆ ನಾನು, ನನ್ನ ಮಗಳು ವಿಮಲಾ ಜಯನಗರದ ಅವರ ಮನೆಯಲ್ಲೇ ಇದ್ದೆವು. ಊಟ ಬಟ್ಟೆಗೆ ಕೊರತೆ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಅವರೂ ದಿನಾ ಹೇಳುತ್ತಿದ್ದರು. ಅರವತ್ತನಾಲ್ಕನೆಯ ಇಸವಿ ದೀಪಾವಳಿ ಕಳೆದ ಮೇಲೆ ವಿಮಲಾಗೆ ಗಂಡು ಗೊತ್ತಾಯಿತು. ಹುಡುಗ ತಿರುಮಲೇಶ, ಬ್ಯಾಂಕಿನಲ್ಲಿ ಕೆಲಸ, ಮೆತ್ತಗೆ ಮಾತಾಡುವವನು. ಮದುವೆ ಮಾಘಮಾಸಕ್ಕೆ, ನಮ್ಮ ಮನೆಯ ಮುಂದೆಯೇ ಚಪ್ಪರ ಹಾಕಿಸಿ ಎಂದು ತೀರ್ಮಾನವಾಯಿತು.

ನಾನು ಕೇಳಿದ್ದು ಒಂದೇ. ಕನ್ಯಾದಾನಕ್ಕೆ ಭಾವ, ಅವರ ಹೆಂಡತಿ ಕೂರಲಿ. ಜೋಡಿ ಬೇಕು, ಒಪ್ಪಿದೆ. ಆದರೆ ಧಾರೆಯ ಹೊತ್ತಿಗೆ ಗಿಂಡಿ ಹಿಡಿದು ನೀರು ಬಿಡುವುದು ನಾನು. ಹೆತ್ತವಳು ನಾನು ತಾನೇ.

"ಸರಸ್ವತಿ, ನೀನು ಓದಿದವಳು," ಅಂದರು ಭಾವ. "ನಿಂಗೂ ಬಿಡಿಸಿ ಹೇಳ್ಬೇಕಾ? ನೀನು ಒಳಗೆ ಉಗ್ರಾಣ ನೋಡ್ಕೋ. ಅದೂ ದೊಡ್ಡ ಜವಾಬ್ದಾರಿನೇ."

ಭಾವನ ಹೆಂಡತಿ ಕಮಲಾದೇವಿ, ನಾನು ಅಕ್ಕ ಎಂದು ಕರೆಯುವವರು, ಇನ್ನೂ ನಯ. "ಮುಹೂರ್ತ ಆದ್ಮೇಲೆ ಕರೀತೀವಿ ಸರಸು. ಆಗ ಬಂದು ಆಶೀರ್ವಾದ ಮಾಡುವೆಯಂತೆ. ಮಗುಗೆ ಒಳ್ಳೇದಾಗ್ಬೇಕು ತಾನೇ?"

ಮಗುವಿಗೆ ಒಳ್ಳೆಯದಾಗಬೇಕು ಎಂದ ಮೇಲೆ ಯಾವ ತಾಯಿ ಬಾಯಿ ತೆರೆಯುತ್ತಾಳೆ? ಎದ್ದು ಅಕ್ಕಿ ಆರಿಸಲು ಹೋದೆ.

ನಡುಮನೆಯ ಗೋಡೆಯ ಮೇಲೆ ತುಂಗಮ್ಮನವರ ಫೋಟೋ ಇತ್ತು. ಅವರು ಭಾವನಿಗೂ ನನ್ನ ಯಜಮಾನರಿಗೂ ತಂದೆಯ ತಾಯಿ, ಸಾರಕ್ಕಿಯ ಶಾನುಭೋಗ ವೆಂಕಟಾಚಲಯ್ಯನವರ ಹೆಂಡತಿ. ಇನ್‌ಫ್ಲುಯೆಂಜಾ ಬಂದ ವರ್ಷ ಗಂಡ ಹೆಂಡತಿ ಇಬ್ಬರೂ ಒಂದೇ ಜ್ವರದಲ್ಲಿ ಹೋದರಂತೆ. ಅಜ್ಜಿ ಮೊದಲು, ಮುತ್ತೈದೆಯಾಗಿ, ಮುಡಿ ತುಂಬ ಹೂವು ಮುಡಿದುಕೊಂಡು, ಹಿಂದೆಯೇ ತಾತ. ಇದು ಮನೆಯ ಕಥೆ. ಭಾವ ಆಗ ಚಿಕ್ಕ ಹುಡುಗ, ಅವರನ್ನು ಪೇಟೆಗೆ ನೆಂಟರ ಮನೆಗೆ ಸಾಗಹಾಕಿದ್ದರು, ಕಣ್ಣಾರೆ ಕಂಡದ್ದಲ್ಲ. ಆದರೂ ಹೇಳುವಾಗ ಪಕ್ಕದಲ್ಲೇ ನಿಂತು ನೋಡಿದಂತೆ ಹೇಳುತ್ತಿದ್ದರು.

ದಿನಾ ಪೂಜೆ ಮುಗಿದ ಮೇಲೆ ಅಕ್ಕ ಆ ಫೋಟೋದ ಗಾಜಿನ ಮೇಲೆ, ಅಜ್ಜಿಯ ಹಣೆಗೆ ಸರಿಯಾಗಿ, ಕುಂಕುಮ ಇಡುತ್ತಿದ್ದರು. ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲು ನಡೆಯುವುದು ಮುತ್ತೈದೆ ಪೂಜೆ. ಅಜ್ಜಿಯ ಹೆಸರಿನಲ್ಲಿ ಕೆಂಪು ಸೀರೆ ಇಟ್ಟು, ಮುತ್ತೈದೆಯರಿಗೆ ಊಟ ಹಾಕಿ, ಆ ಸೀರೆಯನ್ನು ಮದುಮಗಳಿಗೆ ಉಡಿಸುವುದು. ಅಜ್ಜಿಯ ಸೀರೆ ಉಟ್ಟವಳು ಅಜ್ಜಿಯ ಹಾಗೆಯೇ ಗಂಡನ ತೊಡೆಯ ಮೇಲೆ ತಲೆಯಿಟ್ಟು ಹೋಗುತ್ತಾಳೆ ಎಂದು ನಂಬಿಕೆ. ಅಕ್ಕನಿಗೂ ಉಡಿಸಿದ್ದರು, ನನಗೂ ಉಡಿಸಿದ್ದರು. ನನ್ನದು ಮದುವೆಯ ದಿನ ಉಟ್ಟು ಮಡಿಸಿಟ್ಟದ್ದು, ಟ್ರಂಕಿನಲ್ಲಿ ಹಾಗೆಯೇ ಇತ್ತು. ಈ ಸಲ ಹೊಸ ಸೀರೆ ಬೇಡ, ಪೂಜೆಗೆ ಅದನ್ನೇ ಇಟ್ಟು ವಿಮಲಾಗೆ ಉಡಿಸೋಣ ಎಂದಿದ್ದೆ. ಗಿಂಡಿ ಹಿಡಿಯದಿದ್ದರೆ ಹೋಗಲಿ, ನನ್ನ ಸೀರೆಯಾದರೂ ಅವಳ ಮೈಮೇಲೆ ಮಂಟಪದಲ್ಲಿ ಇರಲಿ ಎಂದು ಆಸೆ. ಅದಕ್ಕೆ ಯಾರೂ ಬೇಡವೆನ್ನಲಿಲ್ಲ.

ಭಾವನ ಹೊಸ ಪ್ರೀತಿಯ ವಿಷಯಕ್ಕೆ ಬರುತ್ತೇನೆ. ವಂಶದ ಚರಿತ್ರೆ ಬರೆದು, ಅಚ್ಚು ಹಾಕಿಸಿ, ಮದುವೆಗೆ ಬಂದವರಿಗೆ ತಾಂಬೂಲದ ಜೊತೆ ಕೊಡಬೇಕೆಂದು ಹೊರಟಿದ್ದರು. ಮುಖಪುಟಕ್ಕೆ ಅಜ್ಜಿಯ ಫೋಟೋ. ಎಲ್ಲ ಬರೆದಾಯಿತು, ಅಜ್ಜಿ ತಾತ ಹೋದ ದಿನ ಮಾತ್ರ ಸಿಕ್ಕಲಿಲ್ಲ. ಮಾವನವರು ಇದ್ದಾಗ ಇಬ್ಬರ ಶ್ರಾದ್ಧವನ್ನೂ ಒಂದೇ ದಿನ ಮಾಡಿ ಮುಗಿಸುತ್ತಿದ್ದರು; ಅವರ ಹಿಂದೆಯೇ ಆ ತಿಥಿಯೂ ಮರೆತುಹೋಗಿತ್ತು. ಕಾಳಯುಕ್ತಿ ಸಂವತ್ಸರ, ನವರಾತ್ರಿಯ ಆಸುಪಾಸು, ಇಷ್ಟೇ ಗೊತ್ತಿದ್ದದ್ದು.

"ಸರ್ಕಾರದ ದಾಖಲೆ ಇದ್ದೇ ಇರುತ್ತೆ," ಅಂದರು ಭಾವ. "ನೀನು ಬಿಡುವಾಗಿರ್ತೀಯ, ಹೋಗಿ ಸಾರಕ್ಕೀಲಿ ವಿಚಾರಿಸು."

ಅಡಿಗೆ, ಕಸ, ಮುಸುರೆ ಎಲ್ಲ ಮುಗಿಸಿ ಬಿಡುವಾಗಿರುವ ನಾನು ಮಾರನೆಯ ದಿನ ಹೊರಟೆ. ಕನಕಪುರದ ರಸ್ತೆ ಹಿಡಿದು ಹೋದರೆ ಬಡಾವಣೆಯ ಅಳತೆಗಲ್ಲುಗಳು ಮುಗಿದು ಸೊಪ್ಪಿನ ಮಡಿಗಳು ಶುರುವಾಗುತ್ತವೆ. ಅಲ್ಲಿಂದ ಸಾರಕ್ಕಿ ದೂರವಿಲ್ಲ. ಹಳ್ಳಿಗಳಲ್ಲಿ ಹುಟ್ಟು ಸಾವು ಬರೆದಿಡುವುದು ಹಿಂದಿನಿಂದ ಪಟೇಲರ ಕೆಲಸ. ಪಟೇಲ ತಿಮ್ಮರಾಯಪ್ಪನವರ ಮನೆ ಕೇಳಿಕೊಂಡು ಹೋದೆ. ಪಟೇಲಿಕೆಯನ್ನು ಸರ್ಕಾರ ತೆಗೆದುಹಾಕಿದ್ದರೂ ಜನರ ಬಾಯಲ್ಲಿ ಅವರು ಪಟೇಲರೇ.

"ನಮ್ಮಪ್ಪನ ಕಾಲ್ದವೆಲ್ಲ ಯಾವತ್ತೋ ತಾಲ್ಲೂಕು ಕಚೇರಿಗೆ ಹೋದ್ವು ತಾಯಿ," ಅಂದರು. "ವರ್ಷ, ಊರು ಬರ್ದು ಅರ್ಜಿ ಕೊಟ್ರೆ ನಕಲು ಕೊಡ್ತಾರೆ. ಯಾರ್ದು ಬೇಕಾಗಿತ್ತು?"

"ಶಾನುಭೋಗ ವೆಂಕಟಾಚಲಯ್ಯನವರದು. ಅವರ ಹೆಂಡತಿ ತುಂಗಮ್ಮನವರದು."

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಮುದುಕಿಯೊಬ್ಬರು ತಲೆ ಎತ್ತಿದರು. ಪಟೇಲರ ತಾಯಿ ಸೊಣ್ಣಮ್ಮ.

"ಅವರನ್ಯಾಕವ್ವಾ ಈಗ ಕೆದಕ್ತೀರಿ?"

"ಮುತ್ತೈದೆಯಾಗಿ ಹೋದವರು. ನಮ್ಮನೇಲಿ ಪುಸ್ತಕ ಮಾಡಿಸ್ತಿದ್ದಾರೆ, ತಾರೀಖು ಬೇಕು."

ಸೊಣ್ಣಮ್ಮ ನನ್ನ ಬರಿಯ ಹಣೆಯನ್ನು ಒಂದು ಗಳಿಗೆ ನೋಡಿದರು. "ಮುತ್ತೈದೆಯಾಗಿ. ಊ, ಹಂಗೇ ಅನ್ಕೊಳ್ಳಿ," ಎಂದು ಮತ್ತೆ ಅವರೆಕಾಯಿಗೆ ಕೈಹಾಕಿದರು. ಆ ಮಾತು ನನ್ನ ಸೆರಗಿಗೆ ಮುಳ್ಳಿನಂತೆ ಅಂಟಿಕೊಂಡಿತು.

ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿನಲ್ಲಿ ಸಿದ್ದಲಿಂಗಯ್ಯ ಎಂಬುವರಿದ್ದರು. ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸಂವತ್ಸರ ಬರೆದರೆ ಆಗುವುದಿಲ್ಲ, ಇಂಗ್ಲಿಷ್ ವರ್ಷ ಬೇಕು ಅಂದರು. ಮನೆಗೆ ಬರುವ ಪುರೋಹಿತರು ಸೇತುರಾಮಾಚಾರ್ಯರಿಂದ ಅದನ್ನು ತಿಳಿದುಕೊಂಡು, ಸಾವಿರದ ಒಂಬೈನೂರ ಹದಿನೆಂಟು ಎಂದು ತಿದ್ದಿಕೊಂಡು ಮತ್ತೆ ಹೋದೆ. ಕೋರ್ಟ್ ಫೀ ಸ್ಟಾಂಪು ಅಂಟಿಸಿದೆ.

"ಮೃತರಿಗೂ ನಿಮಗೂ ಸಂಬಂಧ ಏನಮ್ಮ?"

"ಅವರ ಮೊಮ್ಮಗನ ಹೆಂಡತಿ."

"ಮೊಮ್ಮಗನೇ ಬರಬಹುದಿತ್ತಲ್ಲ. ರುಜು ಅವರದೇ ಇದ್ರೆ ಸಲೀಸು."

"ಅವರನ್ನೂ ಇಂಥದೇ ಪುಸ್ತಕದಲ್ಲಿ ಹುಡುಕಬೇಕು ಸಾರ್."

ಸಿದ್ದಲಿಂಗಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೇನೂ ಕೇಳದೆ ಅರ್ಜಿ ತೆಗೆದುಕೊಂಡರು. ಮುಂದಿನ ವಾರ ಮೊಹರು ಹಾಕಿದ ನಕಲು ನನ್ನ ಕೈಗೆ ಬಂತು. ಕಚೇರಿಯ ಮೆಟ್ಟಿಲ ಮೇಲೆಯೇ ನಿಂತು ಓದಿದೆ.

ಸಾರಕ್ಕಿಯ ಶಾನುಭೋಗ ವೆಂಕಟಾಚಲಯ್ಯ, ಗಂಡಸು, ಜ್ವರ, ಅಕ್ಟೋಬರ್ ಹನ್ನೊಂದು. ಅದರ ಕೆಳಗೆ ಬೇರೆ ಯಾರು ಯಾರದೋ ಸಾವು, ಎಲ್ಲ ಜ್ವರವೇ. ಆಮೇಲೆ: ಶಾನುಭೋಗ ವೆಂಕಟಾಚಲಯ್ಯನವರ ಹೆಂಡತಿ, ಹೆಂಗಸು, ಜ್ವರ, ಅಕ್ಟೋಬರ್ ಹದಿನೆಂಟು.

ತುಂಗಮ್ಮ ಎಂಬ ಹೆಸರು ಎಲ್ಲೂ ಇರಲಿಲ್ಲ. ಹೆಸರಿಲ್ಲದಿದ್ದರೂ ವಿಷಯ ಸ್ಪಷ್ಟವಿತ್ತು. ತಾತ ಮೊದಲು ಹೋಗಿದ್ದರು. ಅಜ್ಜಿ ಒಂದು ವಾರ ವಿಧವೆಯಾಗಿ ಬದುಕಿ ಹೋಗಿದ್ದರು. ನಿಜ ಹೇಳುತ್ತೇನೆ, ಆ ಮೆಟ್ಟಿಲ ಮೇಲೆ ನನಗೆ ನಗು ಬಂತು. ಇಷ್ಟು ವರ್ಷ ಈ ಮನೆ ಕುಂಕುಮ ಇಟ್ಟು, ಸೀರೆ ಇಟ್ಟು, ಕೈಮುಗಿದದ್ದು ನನ್ನಂಥವಳಿಗೇ.

ಮನೆಗೆ ಹೋಗದೆ ನೇರ ಸಾರಕ್ಕಿಗೆ ಹೋದೆ. ಸೊಣ್ಣಮ್ಮ ಒಬ್ಬರೇ ಜಗಲಿಯ ಮೇಲಿದ್ದರು. ನಕಲು ಓದಿ ಹೇಳಿದೆ.

"ಬರ್ದಿದ್ದು ಸರಿಯಾಗೈತೆ," ಅಂದರು. "ನಾನಾಗ ಈ ಮನೆಗೆ ಸೊಸೆಯಾಗಿ ಬಂದ ಹೊಸ್ತು. ಶಾನುಬೋಗರ ಮನೆಗೆ ಹಾಲು ಹಾಕೋಕೆ ಹಿತ್ಲಿಂದ ಹೋಯ್ತಿದ್ದೆ. ಅಮ್ಮಾರನ್ನ ಜೊರ ಅಂತ ಹಿತ್ಲು ಕೋಣೇಲಿ ಬೇರೆ ಮಲಗ್ಸಿದ್ರು. ಬಳೆ, ತಾಳಿ ಎಲ್ಲಾ ಇತ್ತು. ತೆಗ್ಯೋದು ಹತ್ತನೇ ದಿನ ಅಲ್ವಾ ನಿಮ್ಮಲ್ಲಿ. ತಲೆಕೂದ್ಲೂ ಅವತ್ತೇ."

"ಜ್ವರ ಜಾಸ್ತಿಯಾಯ್ತಾ?"

"ಜೊರ ಬಿಟ್ಟೋಗಿತ್ತು ತಾಯಿ. ಎದ್ದು ಕೂರೋರು. ನಾನು ಹೋದ್ರೆ ಕಿಟಕೀಲಿ ಕೇಳೋರು, ಇವತ್ತು ಎಷ್ಟನೇ ದಿನ ಸೊಣ್ಣಿ ಅಂತ. ನಾನು ಹೇಳೋಳು. ಒಳಗಿಂದ ಗಂಜಿ ತಂದಿಡೋರು, ಅವರು ಅದನ್ನ ಕಿಟಕೀಲಿ ಬಾಳೆ ಬುಡಕ್ಕೆ ಸುರಿಯೋರು. ನೀರೂ ಅಷ್ಟೇ. ದಿನಾ ಬಾಳೆ ಬುಡದಾಗೆ ಅಗಳು ಬಿದ್ದಿರೋದು, ನಾನೇ ಕಂಡಿವ್ನಿ."

"ನೀವು ಯಾರಿಗೂ ಹೇಳಲಿಲ್ವಾ?"

"ಯಾರಿಗೆ ಹೇಳ್ಲಿ? ಬದುಕಿಸ್ಕೊಂಡು ತಲೆ ಬೋಳಿಸೋರಿಗೆ ಹೇಳ್ಲಾ?"

ನನಗೆ ಬಂದ ನಗು ಅಲ್ಲೇ ಸತ್ತಿತು. ಕೆರೆಯ ಏರಿಯ ಮೇಲೆ ಕೂತು ಅತ್ತೆ. ಆ ಕಿಟಕಿ, ಆ ಗಂಜಿಯ ಬಟ್ಟಲು ಕಣ್ಣ ಮುಂದೆಯೇ ಇದ್ದವು. ಅತ್ತ ಮೇಲೆ ಒಂದು ಧೈರ್ಯವೂ ಬಂತು. ಈ ಹೆಂಗಸಿನ ಆಶೀರ್ವಾದದಲ್ಲಿ ಇಡೀ ಮನೆ ಬೆಳೆದಿರುವಾಗ ನನ್ನ ಕೈಯ ನೀರು ಯಾಕೆ ವಿಷವಾಗಬೇಕು? ಕಾಗದ ಕೈಯಲ್ಲಿದೆ, ಸರ್ಕಾರದ ಮೊಹರು ಇದೆ, ಭಾವನಿಗೆ ಮೊಹರೆಂದರೆ ದೇವರು. ಕೇಳಿಯೇ ಕೇಳುತ್ತೇನೆ ಅಂದುಕೊಂಡೆ.

ಮುತ್ತೈದೆ ಪೂಜೆಯ ದಿನ ಗೊತ್ತು ಮಾಡಲು ಸೇತುರಾಮಾಚಾರ್ಯರು ಬಂದಿದ್ದರು. ಭಾವ ನಕಲನ್ನು ಈಸಿಕೊಂಡು ಬೆಳಕಿಗೆ ಹಿಡಿದರು. ಅಕ್ಟೋಬರ್ ಹದಿನೆಂಟು ಎಂದು ಪುಸ್ತಕದ ಹಸ್ತಪ್ರತಿಯಲ್ಲಿ ಆಗಲೇ ಬರೆದುಕೊಂಡರು.

"ನೋಡಿ ಆಚಾರ್ರೇ, ಹೆಂಡತಿ ಅಂತಲೇ ಬರೆದಿದ್ದಾರೆ. ನಾವು ಹೇಳ್ತಿದ್ದದ್ದು ಸರಿ."

"ತಾತನ ತಾರೀಖೂ ನೋಡಿ ಭಾವ," ಅಂದೆ.

ನೋಡಿದರು. ಮತ್ತೆ ನೋಡಿದರು. ಕಾಗದವನ್ನು ಆಚಾರ್ಯರ ಕೈಗೆ ಕೊಟ್ಟರು. ಆಚಾರ್ಯರು ಓದಿ ಮೆಲ್ಲಗೆ ಮಡಿಸಿಟ್ಟರು.

"ಹತ್ತನೇ ದಿನದ್ದು ನಡೀದೇ ಇರಬಹುದು," ಅಂದರು. "ಆದ್ರೆ ಗಂಡ ಹೋದ ಗಳಿಗೆಗೇ ಮುತ್ತೈದೆತನ ಹೋಯ್ತಲ್ಲ. ಆಕೆ ಹೆಸರಲ್ಲಿ ಸೀರೆ ಇಡೋಕೆ ಬರೋದಿಲ್ಲ."

ಇದೇ ಹೊತ್ತು ಎಂದು ನಾನು ಬಾಗಿಲ ಹಿಂದಿನಿಂದ ಈಚೆ ಬಂದೆ. "ಇಷ್ಟು ವರ್ಷ ಇಟ್ಟಿದ್ದೀರಲ್ಲ. ಮನೆಗೆ ಏನು ಕೆಟ್ಟದಾಯ್ತು ಭಾವ? ನಿಮಗೆ ಕೆಲಸ ಆಯ್ತು, ಪ್ರಮೋಷನ್ ಆಯ್ತು, ಈ ಮನೆ ಎದ್ದಿತು. ವಿಧವೆಯ ಆಶೀರ್ವಾದದಲ್ಲೇ ಎಲ್ಲಾ ಆಯ್ತು. ಆಕೆ ಹತ್ತನೇ ದಿನಕ್ಕೆ ಹೆದರಿ ಅನ್ನ ನೀರು ಬಿಟ್ಟು ಸತ್ತರಂತೆ, ಸಾರಕ್ಕಿ ಸೊಣ್ಣಮ್ಮನವರು ಹೇಳಿದ್ರು. ಅಂಥವರ ಕೈ ಒಳ್ಳೇದು ಅಂದ್ರೆ ನನ್ನ ಕೈಯೂ ಒಳ್ಳೇದೇ. ಧಾರೆಗೆ ಗಿಂಡಿ ನಾನು ಹಿಡೀತೀನಿ."

ಭಾವ ನಕಲನ್ನು ಮತ್ತೆ ಬಿಚ್ಚಿ ನೋಡಿದರು. ಗೆದ್ದೆ ಅಂದುಕೊಂಡೆ. ಎಂಥ ಹುಚ್ಚಿ ನಾನು.

"ಅದಕ್ಕೇ," ಅಂದರು ಅಕ್ಕ, ಮೆಲ್ಲಗೆ. "ಅದಕ್ಕೇ ಮೈದುನ ಅಷ್ಟು ಚಿಕ್ಕ ವಯಸ್ಸಿಗೆ ಹೋಗಿದ್ದು. ಸರಸು ಮದುವೇಲಿ ಉಟ್ಟಿದ್ದು ಆ ಸೀರೆನೇ ಅಲ್ವಾ."

ಅಂಥ ಹೊತ್ತಿನಲ್ಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ನೀವೂ ಉಟ್ಟಿದ್ದಿರಿ ಅಕ್ಕ. ಭಾವ ಇಲ್ಲೇ ಕೂತಿದ್ದಾರಲ್ಲ, ಕಲ್ಲುಗುಂಡಿನ ಹಾಗೆ."

ಅದು ವಾದಕ್ಕೆ ಹೇಳಿದ್ದು. ಅಕ್ಕನ ಕೈ ತಾಳಿಯ ಮೇಲೆ ಹೋಯಿತು. ಅವರು ಎದ್ದು ಹೋಗಿ ಒದ್ದೆ ಬಟ್ಟೆ ತಂದರು, ಮಣೆ ಹಾಕಿಕೊಂಡು ಹತ್ತಿದರು, ಫೋಟೋದ ಗಾಜಿನ ಮೇಲಿದ್ದ ಕುಂಕುಮವನ್ನು ಉಜ್ಜಿ ಉಜ್ಜಿ ಒರೆಸಿದರು. ಆಮೇಲೆ ಫೋಟೋವನ್ನೇ ಗೋಡೆಯಿಂದ ಇಳಿಸಿದರು. ಬಟ್ಟೆ ಕೆಂಪಾಗಿತ್ತು. ಅದನ್ನು ಹಿತ್ತಲಿಗೆ ಎಸೆದರು.

ಹತ್ತನೆಯ ದಿನದಿಂದ ತಪ್ಪಿಸಿಕೊಳ್ಳಲು ಪ್ರಾಣವನ್ನೇ ಬಿಟ್ಟವಳು ಆ ಅಜ್ಜಿ. ಇಷ್ಟು ವರ್ಷ ತಪ್ಪಿಸಿಕೊಂಡೂ ಇದ್ದಳು. ಆ ದಿನವನ್ನು ನಾನು ತಾಲ್ಲೂಕು ಕಚೇರಿಯಿಂದ ಮೊಹರು ಹಾಕಿಸಿ ಮನೆಗೆ ತಂದುಕೊಟ್ಟೆ.

"ಉಪವಾಸ ಬಿದ್ದು ಸತ್ತರು ಅಂತೆಲ್ಲ ಹೊರಗೆ ಹೇಳ್ಬೇಡ," ಅಂದರು ಭಾವ. "ಆತ್ಮಹತ್ಯೆ ಅಂತಾರೆ. ಪುಸ್ತಕದಲ್ಲಿ ಅವರ ಪುಟ ತೆಗೆದುಬಿಡ್ತೀನಿ." ಗಿಂಡಿಯ ಮಾತನ್ನು ಅವರು ಎತ್ತಲೇ ಇಲ್ಲ. ನಾನೂ ಮತ್ತೆ ಎತ್ತಲಿಲ್ಲ.

ಸಂಜೆ ವಿಮಲಾ ಬಂದು ನನ್ನ ಪಕ್ಕ ಕೂತಳು. ಒಳ್ಳೆಯ ಹುಡುಗಿ, ನನ್ನ ಮುಖ ನೋಡದೆ ಸೆರಗಿನ ತುದಿ ಸುರುಳಿ ಸುತ್ತುತ್ತಿದ್ದಳು.

"ಅಮ್ಮ, ಆ ಕೆಂಪು ಸೀರೆ ಬೇಡಮ್ಮ. ದೊಡ್ಡಮ್ಮ ಬೇರೆ ತರಿಸ್ತಾರಂತೆ."

"ಅದು ನನ್ನ ಸೀರೆ ಕಣೇ."

"ಗೊತ್ತಮ್ಮ," ಅಂದಳು. "ಅದಕ್ಕೇ ಭಯ."

ಇಪ್ಪತ್ತು ವರ್ಷದ ಹುಡುಗಿ, ಕಾಲೇಜು ಓದಿದವಳು. ಕೆನ್ನೆಗೆ ಎರಡು ಬಿಡಬೇಕೆನಿಸಿತು, ತಬ್ಬಿಕೊಂಡು ಅಳಬೇಕೆನಿಸಿತು. ಎರಡನ್ನೂ ಮಾಡದೆ ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದೆ.

ಮದುವೆಯ ದಿನ ಹೇಳಿದ ಹಾಗೆ ಉಗ್ರಾಣದಲ್ಲಿದ್ದೆ. ಸಕ್ಕರೆ ಕೊಡಿ, ತುಪ್ಪ ಕೊಡಿ, ಬಾಳೆಲೆ ಕೊಡಿ ಎಂದು ಅಡಿಗೆಯವರು ಬರುತ್ತಿದ್ದರು. ಅಕ್ಕಿಯ ಮೂಟೆಯ ಹಿಂದೆ ಅಜ್ಜಿಯ ಫೋಟೋ ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಹೊರಗೆ ಓಲಗದವರು ಗಟ್ಟಿಮೇಳ ಶುರುಮಾಡಿದಾಗ ಅದನ್ನು ತಿರುಗಿಸಿದೆ. ಧಾರೆ ನಡೆಯುತ್ತಿದೆ, ಈಗ ಅಕ್ಕ ಗಿಂಡಿಯಿಂದ ನೀರು ಬಿಡುತ್ತಿದ್ದಾರೆ ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಕಣ್ಣಿಗೆ ಕಂಡದ್ದು ಉಗ್ರಾಣದ ಗೋಡೆ ಮಾತ್ರ. ತಾಂಬೂಲಕ್ಕೆಂದು ಇಟ್ಟಿದ್ದ ಕುಂಕುಮದ ಪೊಟ್ಟಣ ಬಿಚ್ಚಿದೆ. ಯಜಮಾನರು ಹೋದ ಮೇಲೆ ಕುಂಕುಮ ಮುಟ್ಟಿದ್ದು ಅದೇ ಮೊದಲು. ಅಜ್ಜಿಯ ಹಣೆಗೆ ದೊಡ್ಡದಾಗಿ ಇಟ್ಟೆ. ನಮ್ಮಿಬ್ಬರನ್ನೂ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

"ಸರಸು, ಬಾ," ಎಂದು ಅಕ್ಕ ಕರೆದರು. ಗಂಡು ಹೆಣ್ಣು ಉಗ್ರಾಣದ ಬಾಗಿಲಿಗೇ ಬಂದಿದ್ದರು. ತಿರುಮಲೇಶ ನಮಸ್ಕಾರ ಮಾಡಿ ಎದ್ದ. ವಿಮಲಾ ಹಸಿರು ಸೀರೆಯಲ್ಲಿ ಬಗ್ಗಿದಳು. ತಲೆ ಮುಟ್ಟಿ ಹರಸೋಣವೆಂದು ಕೈ ಚಾಚಿದೆ. ಅವಳ ಕಣ್ಣು ನನ್ನ ಬೆರಳಿಗೆ ಬಿತ್ತು. ಬೆರಳ ತುದಿ ಕೆಂಪಾಗಿತ್ತು.

ಅವಳು ತಲೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು.

ನಾನು ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು "ದೀರ್ಘ ಸುಮಂಗಲೀ ಭವ" ಅಂದೆ.